ಸಸಾರಜನಕ: ಹಿತವೆಷ್ಟು, ಅತಿಯೆಷ್ಟು?

ಮನುಷ್ಯನ ಆಹಾರದಲ್ಲಿ ಪಿಷ್ಟ, ಮೇದಸ್ಸು, ಸಸಾರಜನಕ, ಲವಣ, ಜೀವಸತ್ವ, ನೀರು ಎಂಬ ಆರು ಬಗೆಯ ಪದಾರ್ಥಗಳಿರುವುವೆಂದು ವಿದ್ಯಾರ್ಥಿಗಳು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. ಇವುಗಳಲ್ಲಿ ಸಸಾರಜನಕಕ್ಕೆ ಇಂದು ದೊರೆತಿರುವ ಮರ್ಯಾದೆ ಬೇರಾವುದಕ್ಕೂ ದೊರೆತಿಲ್ಲ. ಇದಕ್ಕೆ ಪ್ರೋಟೀನ್ ಎಂಬ ಹೆಸರನ್ನು ಬಳಕೆಗೆ ತಂದವನು ಡಚ್ ರಸಾಯನಶಾಸ್ತ್ರಜ್ಞನಾದ ಮುಲ್ಡರ್. ಅದು ೧೮೩೮ರ ಮಾತು. ‘ಮೊದಲ ಸ್ಥಾನದ್ದು’ ಎಂಬರ್ಥದ ಗ್ರೀಕ್ ಪದದಿಂದ ಆ ಹೆಸರು ಹುಟ್ಟಿತು. ಕನ್ನಡದ ಹೆಸರು ಅಷ್ಟು ದೊಡ್ಡಸ್ತಿಕೆಯದಲ್ಲ: ಸಾರಜನಕದಿಂದ ಕೂಡಿದುದು ಸಸಾರಜನಕ, ಅಷ್ಟೆ. ಆದರೆ ವಸ್ತುವಿನ ಗುಣವೂ ಅದರ ಅತಿಯಾದ ಸೇವನೆಯಿಂದ ಒದಗುವ ತೊಂದರೆಯೂ ಈ ಹೆಸರಿನಲ್ಲಿಯೇ ಅಡಗಿವೆ.

ಸನತ್‌ನಗರವು ಕೈಗಾರಿಕೆಯ ಊರು. ‘ಸನತ್’ ಎಂಬ ಉರ್ದು ಮಾತಿಗೆ ಉದ್ಯಮವೆಂದೇ ಅರ್ಥ. ಬೀದರ, ಕಲಬುರಗಿ, ರಾಯಚೂರು ಕಡೆಗಳಿಂದ ದುಡಿಮೆಗೆಂದು ಬಂದ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರಲ್ಲಿ ಮೇಲಿನ ತರಗತಿಯ ಕೆಲವರು ಸಂಜೆ ಜಿಮ್‌ಗೆ ಹೋಗುವುದುಂಟು. ಹೋಗಲಿ, ಸಂತೋಷವೇ, ನಮ್ಮ ಹಿರಿಯರೂ ಗರಡಿಮನೆಯಲ್ಲಿ ದಂಡ-ಬಸ್ಕಿ ಹೊಡೆದವರೇ. ಆದರೆ ಈಗಿನ ಹುಡುಗನಿಗೆ ವ್ಯಾಯಾಮದ ಜೊತೆಯಲ್ಲಿಯೇ ಒಂದು ಡಬ್ಬಿಯ ಪರಿಚಯವೂ ಆಗುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಹಾಲೊಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದು ಒಣಗಿಸಿದ ಸಸಾರಜನಕದ ಪುಡಿ. ಅದರ ಬೆಲೆಯೋ, ಒಂದು ಸಣ್ಣ ಸಂಸಾರದ ತಿಂಗಳ ಬೇಳೆ ಹಾಲುಗಳ ವೆಚ್ಚಕ್ಕೆ ಸಮೀಪವಾದದ್ದು. ಮಗನ ಆಸೆಗೆ ಮಣಿದು ತಾಯಿತಂದೆಯರು ಮನೆಗೆ ತರುವ ಹಾಲನ್ನು ಕಡಿಮೆ ಮಾಡಿ ಡಬ್ಬಿಯನ್ನು ಕೊಳ್ಳುವುದಾದರೆ, ಆ ಮನೆಯ ಚಿಕ್ಕ ಮಕ್ಕಳ ಪಾಲು ಹೋಯಿತೆಂದೇ ತಿಳಿಯಬೇಕು.

ಮೊದಲು ಶರೀರದೊಳಗೆ ನಡೆಯುವುದೇನೆಂಬುದನ್ನು ನೋಡೋಣ. ನಾವು ತಿಂದ ಸಸಾರಜನಕವು ಜಠರ ಮತ್ತು ಕರುಳುಗಳಲ್ಲಿ ಒಡೆದು ಅಮೈನೋ ಆಮ್ಲಗಳೆಂಬ ಚಿಕ್ಕ ಘಟಕಗಳಾಗುತ್ತದೆ. ಈ ಘಟಕಗಳಿಂದ ಶರೀರವು ಸ್ನಾಯು, ಚರ್ಮ, ರಕ್ತ ಮೊದಲಾದವುಗಳನ್ನು ಕಟ್ಟಿಕೊಳ್ಳುತ್ತದೆ. ಹೆಚ್ಚಾದ ಪಿಷ್ಟ ಮೇದಸ್ಸುಗಳನ್ನು ಕೊಬ್ಬಿನ ರೂಪದಲ್ಲಿ ಕೂಡಿಡಲು ನಮ್ಮ ದೇಹದಲ್ಲಿ ಕಣಜವುಂಟು. ಸಸಾರಜನಕಕ್ಕೆ ಅಂಥ ಕಣಜವಿಲ್ಲ. ಕಟ್ಟಡಕ್ಕೆ ಬೇಡವಾದ ಅಮೈನೋ ಆಮ್ಲಗಳಿಂದ ಪಿತ್ತಜನಕಾಂಗವು ಸಾರಜನಕದ ಭಾಗವನ್ನು ಬೇರ್ಪಡಿಸಿ ಯೂರಿಯವನ್ನಾಗಿ ಮಾಡುತ್ತದೆ. ಉಳಿದ ಭಾಗ ಇಂಧನವಾಗಿ ಉರಿದುಹೋಗುತ್ತದೆ, ಇಲ್ಲವೆ ಕೊಬ್ಬಾಗುತ್ತದೆ. ಯೂರಿಯವನ್ನು ರಕ್ತದಿಂದ ಸೋಸಿ ಹೊರಹಾಕುವ ಹೊಣೆ ಮೂತ್ರಪಿಂಡಗಳದು.

ಲೆಕ್ಕವನ್ನೂ ಮಾಡಿ ನೋಡಬಹುದು. ಸಸಾರಜನಕದ ತೂಕದಲ್ಲಿ ನೂರಕ್ಕೆ ಸುಮಾರು ೧೬ ಪಾಲು ಸಾರಜನಕ. ಯೂರಿಯದಲ್ಲಿ ನೂರಕ್ಕೆ ಸುಮಾರು ೪೭ ಪಾಲು. ಅಂದಮೇಲೆ ಬೇಡದ ೧೦೦ ಗ್ರಾಂ ಸಸಾರಜನಕದಿಂದ ಸುಮಾರು ೩೪ ಗ್ರಾಂ ಯೂರಿಯ ಹುಟ್ಟುತ್ತದೆ. ಅಷ್ಟನ್ನು ಹೊರಗೆ ಸಾಗಿಸಲು ನೀರು ಬೇಕು. ಹೈದರಾಬಾದಿನ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬೆವರು ಸುರಿಸಿ, ಸಾಕಷ್ಟು ನೀರು ಕುಡಿಯದೆ, ಮೇಲೆ ಪುಡಿಯನ್ನು ಸೇವಿಸುವವನ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟಲು ಅನುಕೂಲವಾಗುವುದರಲ್ಲಿ ಆಶ್ಚರ್ಯವೇನು?

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಎರಡೂ ಸೇರಿ ದಿನವೊಂದಕ್ಕೆ ೧೮೦ ಲೀಟರಿನಷ್ಟು ದ್ರವವನ್ನು ಸೋಸಿ, ಬಹುಭಾಗವನ್ನು ಮರಳಿ ರಕ್ತಕ್ಕೆ ಸೇರಿಸುತ್ತವೆ. ಸಸಾರಜನಕ ಹೆಚ್ಚಾದಾಗ ಸೋಸುವ ವೇಗವೂ ಒತ್ತಡವೂ ಹೆಚ್ಚುತ್ತವೆ. ಆರೋಗ್ಯವಂತನ ಮೂತ್ರಪಿಂಡಗಳು ಕೆಲವು ತಿಂಗಳ ಮಟ್ಟಿಗೆ ಇದನ್ನು ತಾಳಿಕೊಳ್ಳುವುದನ್ನು ಪ್ರಯೋಗಗಳು ತೋರಿಸಿವೆ. ಇದನ್ನು ಮರೆಮಾಚುವುದು ನ್ಯಾಯವಲ್ಲ. ಈಗಾಗಲೇ ಬಲಗುಂದಿದ ಮೂತ್ರಪಿಂಡಕ್ಕಾದರೋ ಈ ಭಾರ ನಿಶ್ಚಯವಾಗಿಯೂ ಕೇಡು. ತೊಡಕಿರುವುದು ಇಲ್ಲಿಯೇ. ಮೂತ್ರಪಿಂಡದ ರೋಗವು ಸದ್ದಿಲ್ಲದೆ ಬರುವಂಥದು. ಶಕ್ತಿಯ ಬಹುಭಾಗ ಕುಂದುವವರೆಗೆ ನೋವಿಲ್ಲ, ಬಾವಿಲ್ಲ. ತನ್ನದು ಗಟ್ಟಿಯಾದ ಮೂತ್ರಪಿಂಡವೆಂದು ನಂಬಿದ ಯುವಕನು ಅದನ್ನು ಪರೀಕ್ಷಿಸಿ ನಂಬಿದವನಲ್ಲ.

ಇಂತಹ ವಿಷಯದಲ್ಲಿ ಅಧಿಕಾರದಿಂದ ಮಾತನಾಡಬಲ್ಲ ಸಂಸ್ಥೆ ನಮ್ಮ ನಗರದಲ್ಲಿಯೇ ಇದೆ. ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯನು ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಸಣ್ಣ ಪ್ರಯೋಗಶಾಲೆಯು ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಬಂದಿತು. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯೇ ಅದು. ಈ ಸಂಸ್ಥೆಯು ೨೦೨೪ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಹೊರಡಿಸಿದ ಆಹಾರಸೂತ್ರಗಳ ಕೈಪಿಡಿಯಲ್ಲಿ, ಮೈ ಬೆಳೆಸಲೆಂದು ಸಸಾರಜನಕದ ಪುಡಿಗಳನ್ನು ಸೇವಿಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ಮೂತ್ರಪಿಂಡಕ್ಕೆ ಹಾನಿಯೂ ಮೂಳೆಯ ಖನಿಜಾಂಶದ ನಷ್ಟವೂ ಸಂಭವಿಸಬಹುದೆಂದು ಅದು ಎಚ್ಚರಿಸುತ್ತದೆ. ಮೂಳೆಯ ವಿಷಯದಲ್ಲಿ ತಜ್ಞರೆಲ್ಲರ ಅಭಿಪ್ರಾಯ ಒಂದೇ ಆಗಿಲ್ಲ. ಪುಡಿಗಳಲ್ಲಿ ಬೆರೆಸುವ ಸಕ್ಕರೆ, ಕೃತಕ ಸಿಹಿ, ಕೃತಕ ಪರಿಮಳಗಳ ಮೇಲೂ ಆ ಕೈಪಿಡಿ ಆಕ್ಷೇಪವೆತ್ತಿದೆ. ವ್ಯಾಯಾಮ ಮಾಡುವವರಲ್ಲಿಯೂ ದೇಹತೂಕದ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು ೧.೬ ಗ್ರಾಮಿನಾಚೆಗೆ ಸೇವಿಸಿದ ಸಸಾರಜನಕದಿಂದ ಸ್ನಾಯುವಿಗೆ ಹೆಚ್ಚಿನ ಲಾಭವಿಲ್ಲವೆಂಬುದೂ ಅಲ್ಲಿದೆ. ಸಾಮಾನ್ಯ ವಯಸ್ಕನಿಗೆ ೦.೮೩ ಗ್ರಾಂ ಸಾಕು.

ಬೆಳೆಯುವ ಹುಡುಗರಿಗೆ ಹೆಚ್ಚು ಬೇಡವೇ ಎಂದು ಕೇಳಬಹುದು. ಬೇಕು, ೧೬ರಿಂದ ೧೮ ವರ್ಷದ ಬಾಲಕನಿಗೆ ದಿನಕ್ಕೆ ಸುಮಾರು ೫೫ ಗ್ರಾಂ, ಬಾಲಕಿಗೆ ಸುಮಾರು ೪೬ ಗ್ರಾಂ ಎಂದು ಗೊತ್ತುಮಾಡಿದ್ದಾರೆ. ನಮ್ಮ ಕಡೆಯ ಊಟದಲ್ಲಿ ಇದು ಹೇಗೆ ಒದಗುವುದೆಂದು ನೋಡಿರಿ. ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ೧೦ ಗ್ರಾಂ; ಇನ್ನೂರು ಗ್ರಾಂ ಅಕ್ಕಿಯ ಅನ್ನದಲ್ಲಿ ೧೫ ಗ್ರಾಂ; ಅರವತ್ತು ಗ್ರಾಂ ತೊಗರಿಬೇಳೆಯಲ್ಲಿ ೧೩ ಗ್ರಾಂ; ಮೂವತ್ತು ಗ್ರಾಂ ಶೇಂಗಾದ ಚಟ್ನಿಪುಡಿಯಲ್ಲಿ ೭ ಗ್ರಾಂ; ಮುನ್ನೂರು ಗ್ರಾಂ ಹಾಲು ಮೊಸರುಗಳಲ್ಲಿ ಸುಮಾರು ೧೦ ಗ್ರಾಂ. ಕೂಡಿಸಿದರೆ ೫೫ ಆಯಿತು. ಮೊಟ್ಟೆ ತಿನ್ನುವವರಿಗೆ ಒಂದೊಂದರಿಂದ ಆರೇಳು ಗ್ರಾಂ ಅಧಿಕ. ಧಾನ್ಯದಲ್ಲಿ ಕೊರತೆಯಾದ ಅಮೈನೋ ಆಮ್ಲವು ಬೇಳೆಯಲ್ಲಿ ಹೇರಳವಾಗಿರುವುದರಿಂದ ರೊಟ್ಟಿ ಬೇಳೆಗಳು ಒಂದನ್ನೊಂದು ತುಂಬಿಕೊಡುತ್ತವೆ. ಈ ಊಟದ ಮೇಲೆ ಚಮಚಕ್ಕೆ ೨೪, ೨೫ ಗ್ರಾಮಿನಂತೆ ದಿನಕ್ಕೆ ಮೂರು ಚಮಚ ಪುಡಿಯನ್ನು ಸುರಿದುಕೊಂಡರೆ, ಅಷ್ಟೂ ಮೇಲುಭಾರವೇ.

ಊಟ ಬಿಟ್ಟು ಪುಡಿ ಕುಡಿಯುವವನ ಸ್ಥಿತಿ ಇನ್ನೂ ವಿಚಿತ್ರ. ಹೊಟ್ಟೆಗೆ ಸಾಕಷ್ಟು ಅನ್ನವಿಲ್ಲದಾಗ ಶರೀರವು ಸಸಾರಜನಕವನ್ನೇ ಇಂಧನವಾಗಿ ಸುಡುತ್ತದೆ. ಒಲೆಗೆ ಶ್ರೀಗಂಧದ ಕೊರಡು ಹಾಕಿದಂತೆ! ಈ ಸತ್ಯವನ್ನು ಲೋಕವು ಸುಲಭವಾಗಿ ಕಲಿಯಲಿಲ್ಲ. ೧೯೬೮ರಲ್ಲಿ ವಿಶ್ವಸಂಸ್ಥೆಯು ಸಸಾರಜನಕದ ಮಹಾ ಅಭಾವ ಬರಲಿದೆಯೆಂದು ಎಚ್ಚರಿಸಿತ್ತು. ಆದರೆ ತಾರ್ನಾಕದ ಇದೇ ಸಂಸ್ಥೆಯಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು ಬಡಮಕ್ಕಳ ಆಹಾರವನ್ನು ಅಳೆದು ನೋಡಿದಾಗ, ಮೊದಲ ಕೊರತೆ ಊಟದ ಪ್ರಮಾಣದ್ದೆಂದೂ, ಆ ಮಕ್ಕಳು ತಮ್ಮ ರೂಢಿಯ ಧಾನ್ಯ ಬೇಳೆಗಳನ್ನೇ ಹೊಟ್ಟೆತುಂಬ ಉಂಡರೆ ಸಸಾರಜನಕದ ಕೊರತೆ ಬಹುಮಟ್ಟಿಗೆ ತಾನಾಗಿ ನೀಗುವುದೆಂದೂ ಕಂಡಿತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಹಿಂದೆ ಎಣ್ಣೆ ತೆಗೆದ ಶೇಂಗಾದ ಹಿಟ್ಟು ಮುಕ್ಕಾಲು ಪಾಲು, ಕಡಲೆಬೇಳೆಯ ಹಿಟ್ಟು ಕಾಲು ಪಾಲು ಸೇರಿಸಿ ಪೌಷ್ಟಿಕ ಆಹಾರವೊಂದನ್ನು ಸಿದ್ಧಪಡಿಸಿತ್ತು. ಅದು ಉಣ್ಣಲಿಲ್ಲದವರ ಊಟಕ್ಕೆ ಬಲ ತರಲು ಹೊರಟ ಅಗ್ಗದ ಹಿಟ್ಟು. ಉಂಡವರ ಮೇಲೆ ಹೇರುವುದಕ್ಕಾಗಿ ಮಾಡಿದುದಲ್ಲ.

ಜೋಳದ ಮಾತು ಬಂದುದರಿಂದ ಇದೇ ಪ್ರಯೋಗಶಾಲೆಯ ಇನ್ನೊಂದು ಸಂಗತಿಯನ್ನು ಹೇಳಬೇಕು. ದಖನ್ನಿನಲ್ಲಿ ಜೋಳವೊಂದನ್ನೇ ಉಂಡು ಬದುಕುತ್ತಿದ್ದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸುತ್ತಿತ್ತು. ಬಿಸಿಲು ತಗಲುವ ಚರ್ಮ ಕಪ್ಪಾಗಿ ಒರಟಾಗುವುದು ಅದರ ಲಕ್ಷಣ. ೧೯೬೦ರಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಇವರು, ಜೋಳದ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ವಿಪರೀತವಾಗಿರುವುದೇ ಇದಕ್ಕೆ ಕಾರಣವಿರಬೇಕೆಂದು ಪ್ರತಿಪಾದಿಸಿದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಆದರೂ ಒಂದು ಅಮೈನೋ ಆಮ್ಲದ ಅತಿರೇಕವು ಬೇರೆ ಪೋಷಕಾಂಶದ ಲೆಕ್ಕವನ್ನು ಕೆಡಿಸಬಹುದೇ ಎಂಬ ಪ್ರಶ್ನೆಯನ್ನು ಅಷ್ಟು ಹಿಂದೆಯೇ ಕೇಳಿದವರು ಅವರು. ಇಂದು ಅದೇ ಲ್ಯೂಸಿನನ್ನು ಬೇರೆಯಾಗಿ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ! ರೊಟ್ಟಿ ಉಣ್ಣುವವರು ಹೆದರಬೇಕಿಲ್ಲ. ಬೇಳೆ, ಹಾಲು, ಪಲ್ಯಗಳೊಡನೆ ಉಂಡರೆ ಜೋಳದಿಂದ ಯಾವ ಭಯವೂ ಇಲ್ಲ.

ಇನ್ನು ಡಬ್ಬಿಯೊಳಗೆ ಇರುವುದು ಡಬ್ಬಿಯ ಮೇಲೆ ಬರೆದದ್ದೇ ಎಂಬ ಪ್ರಶ್ನೆ. ೧೮೮೩ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬವನು ಆಹಾರದಲ್ಲಿನ ಸಾರಜನಕವನ್ನು ಅಳೆಯುವ ವಿಧಾನವನ್ನು ಕಂಡುಹಿಡಿದನು. ಬಂದ ಅಂಕಿಯನ್ನು ೬.೨೫ರಿಂದ ಗುಣಿಸಿದರೆ ಸಸಾರಜನಕದ ಅಂದಾಜು ಸಿಗುತ್ತದೆ. ವಿಧಾನವೇನೋ ಸುಲಭ, ಆದರೆ ಸಾರಜನಕವುಳ್ಳ ಬೇರಾವುದೇ ಅಗ್ಗದ ವಸ್ತುವನ್ನು ಬೆರೆಸಿದರೂ ಅಂಕಿ ಏರುತ್ತದೆ. ೨೦೦೮ರಲ್ಲಿ ಚೀನದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕವನ್ನು ಸೇರಿಸಿದ್ದು ಈ ಪರೀಕ್ಷೆಯನ್ನು ವಂಚಿಸಲೆಂದೇ. ಸುಮಾರು ಮೂರು ಲಕ್ಷ ಶಿಶುಗಳು ತೊಂದರೆಗೀಡಾದರು. ಆರು ಶಿಶುಗಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ನಮ್ಮ ದೇಶದ ಪೇಟೆಯಲ್ಲಿ ಮಾರುವ ೩೬ ಪುಡಿಗಳನ್ನು ಕೇರಳದ ವೈದ್ಯರ ನೇತೃತ್ವದಲ್ಲಿ ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ ೭೦ರಷ್ಟು ಪುಡಿಗಳ ಸಸಾರಜನಕದ ಲೆಕ್ಕ ತಪ್ಪಾಗಿತ್ತು. ಕೆಲವಲ್ಲಿ ಹೇಳಿದುದರ ಅರ್ಧವೇ ಇತ್ತು. ಕೆಲವು ಪುಡಿಗಳಲ್ಲಿ ಬೂಷ್ಟಿನ ವಿಷವೂ ಕೀಟನಾಶಕದ ಅಂಶವೂ ಸಿಕ್ಕವು.

ಹುಟ್ಟಿನಿಂದಲೇ ಕೆಲವರಿಗೆ ಯೂರಿಯ ತಯಾರಿಸುವ ಶಕ್ತಿ ಕಡಿಮೆಯಿರುತ್ತದೆ. ಇಂಥವರು ಬಹು ವಿರಳ, ನಿಜ. ಆದರೆ ಅವರಿಗೇ ಅದು ತಿಳಿದಿರುವುದಿಲ್ಲ. ಸಸಾರಜನಕ ಒಮ್ಮೆಲೇ ಹೆಚ್ಚಾದರೆ ರಕ್ತದಲ್ಲಿ ಅಮೋನಿಯ ಏರಿ ಮೆದುಳಿಗೆ ಆಘಾತವಾಗುತ್ತದೆ. ೨೦೨೦ರಲ್ಲಿ ಲಂಡನ್ನಿನ ಹದಿನಾರು ವರ್ಷದ ಬಾಲಕನೊಬ್ಬನು ಇಂಥ ಪಾನೀಯವನ್ನು ಕುಡಿದ ಬಳಿಕ ಕಾಯಿಲೆ ಬಿದ್ದು ಕೆಲವೇ ದಿನಗಳಲ್ಲಿ ಮೃತನಾದನು. ಅವನಲ್ಲಿ ಈ ದೋಷವಿದ್ದುದು ಆಮೇಲೆ ತಿಳಿಯಿತು.

ಸುಟ್ಟಗಾಯವಾದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ, ಉಣ್ಣಲಾರದ ವೃದ್ಧರಿಗೆ ವೈದ್ಯರು ಅಳೆದು ಈ ಪುಡಿಯನ್ನು ಕೊಡುವುದುಂಟು, ಅದು ಔಷಧಿ. ಈಗಾಗಲೇ ಸೇವಿಸುತ್ತಿರುವ ಹುಡುಗರು, ಅದರಲ್ಲಿಯೂ ಮನೆಯಲ್ಲಿ ಸಕ್ಕರೆಕಾಯಿಲೆ, ರಕ್ತದೊತ್ತಡ ಅಥವಾ ಮೂತ್ರಪಿಂಡದ ರೋಗವುಳ್ಳವರು, ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರನ್ನು ಕಾಣತಕ್ಕದ್ದು. ಮೂತ್ರದ ಪರೀಕ್ಷೆ, ರಕ್ತದಲ್ಲಿನ ಕ್ರಿಯಾಟಿನಿನ್ ಪರೀಕ್ಷೆ ಇವೆರಡರಿಂದ ಮೂತ್ರಪಿಂಡದ ಸ್ಥಿತಿ ಬಹುಮಟ್ಟಿಗೆ ಗೊತ್ತಾಗುತ್ತದೆ. ತಾಯಿತಂದೆಯರಿಗೆ ಕಾರ್ಮಿಕ ವಿಮೆಯಿದ್ದರೆ ಸನತ್‌ನಗರದ ಇ.ಎಸ್.ಐ. ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ವಿಮೆಯ ಚೀಟಿಯನ್ನು ಮರೆಯದೆ ಒಯ್ಯಿರಿ.