ಮೈಯ ಸೋಂಕು ಕಣ್ಣಿಗಿಳಿದಾಗ

ಪ್ರಶ್ನೆ: ಕಾಲಿನ ಹುಣ್ಣು ಕೀವುಗಟ್ಟಿ ಜ್ವರ ಬಂದವರಲ್ಲಿ, ಪೆಟ್ಟೇ ಬೀಳದ ಕಣ್ಣು ಕೆಂಪಾಗಿ ನೋಟ ಮಂಜಾಗುವುದೇಕೆ?
– ಓದುಗರು, ಇಂಗಳೇಶ್ವರ

ಉತ್ತರ: ದೇಹದ ಬೇರೆಡೆ ನೆಲೆಯೂರಿದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಕಣ್ಣಿನವರೆಗೂ ಹರಿದುಹೋಗಬಲ್ಲದು. ಅಕ್ಷಿಪಟಲದ ಹಿಂದಿನ ಪದರದಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿವೆ. ಬ್ಯಾಕ್ಟೀರಿಯಾ ಅಲ್ಲಿ ತಂಗಿ, ಕಣ್ಣುಗುಡ್ಡೆಯೊಳಗೆ ತುಂಬಿರುವ ಲೋಳೆಯಂಥ ದ್ರವಕ್ಕೆ ನುಸುಳುತ್ತದೆ. ಆ ದ್ರವದಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ಬ್ಯಾಕ್ಟೀರಿಯಾ ಬೇಗ ಬೆಳೆದು ಕೀವಾಗುತ್ತದೆ. ಇದೇ ಎಂಡಾಫ್ಥಾಲ್ಮೈಟಿಸ್. ಇದು ಹೆಚ್ಚಾಗಿ ಬರುವುದು ಕಣ್ಣಿನ ಗಾಯ ಇಲ್ಲವೆ ಶಸ್ತ್ರಚಿಕಿತ್ಸೆಯ ನಂತರ. ರಕ್ತದ ಮೂಲಕ ಬರುವುದು ಶೇ 2ರಿಂದ 8ರಷ್ಟು ಮಾತ್ರ. ಇಷ್ಟು ಅಪರೂಪವಾದ್ದರಿಂದಲೇ ಮೊದಲ ದಿನಗಳಲ್ಲಿ ಹಲವು ಬಾರಿ ಸಂಶಯ ಬರುವುದಿಲ್ಲ.

ಮೂಲ ಹಲವು: ಯಕೃತ್ತಿನ ಕುರು, ಮೂತ್ರದ ಸೋಂಕು, ಹೃದಯ ಕವಾಟದ ಸೋಂಕು, ನ್ಯುಮೋನಿಯಾ, ಬಹುದಿನ ಇಟ್ಟ ಸಲೈನ್ ಸೂಜಿ. ಏಷ್ಯಾದಲ್ಲಿ ಯಕೃತ್ತಿನ ಕುರುವಿನಿಂದ ಹೊರಟ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾವೇ ದೊಡ್ಡ ಕಾರಣ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದರೂ ಆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೆ ನೋವು ತಿಳಿಯದು. ಗಾಯ ಒಳಗೊಳಗೇ ಕೀವಾಗುತ್ತದೆ.

ಪ್ರಶ್ನೆ: ಇದು ‘ಕಣ್ಣು ಬಂದಿರುವುದು’ ಅಲ್ಲವೆಂದು ಗುರುತಿಸುವುದು ಹೇಗೆ?

ಉತ್ತರ: ಕಣ್ಣು ಬಂದಾಗ ಪಿಸುರು, ತುರಿಕೆ ಇರುತ್ತವೆ, ಪಿಸುರು ಒರೆಸಿದರೆ ನೋಟ ಸಾಮಾನ್ಯವಾಗಿ ತಿಳಿಯಾಗುತ್ತದೆ. ಇಲ್ಲಿ ಒರೆಸಿದರೂ ಮಂಜು ಹೋಗುವುದಿಲ್ಲ. ಗಂಟೆಗಳಲ್ಲಿ, ಇಲ್ಲವೆ ಒಂದೆರಡು ದಿನಗಳಲ್ಲಿ ನೋಟ ಕುಸಿಯುತ್ತದೆ. ಗುಡ್ಡೆಯ ಒಳಗಿನಿಂದ ನೋವು, ಬೆಳಕು ಕಂಡರೆ ಹಿಂಸೆ, ಕಣ್ಣೆದುರು ಕಪ್ಪು ಚುಕ್ಕೆಗಳ ತೇಲಾಟ. ಕೆಲವರಲ್ಲಿ ಕರಿಗುಡ್ಡೆಯ ಕೆಳಗಂಚಿನಲ್ಲಿ ಬಿಳಿಯ ಕೀವು, ಬಟ್ಟಲಲ್ಲಿ ತಳ ಹಿಡಿದ ಮಜ್ಜಿಗೆಯಂತೆ, ಸಮಗೆರೆಯಾಗಿ ನಿಂತಿರುತ್ತದೆ. ಜ್ವರ ಇರಲೇಬೇಕೆಂದಿಲ್ಲ. ಎರಡೂ ಕಣ್ಣಿಗೆ ಬರುವುದುಂಟು.

ಪ್ರಶ್ನೆ: ಚಿಕಿತ್ಸೆ?

ಉತ್ತರ: ಕಣ್ಣೊಳಗಿನ ದ್ರವವನ್ನೂ ರಕ್ತವನ್ನೂ ಪರೀಕ್ಷೆಗೆ ತೆಗೆದು, ವ್ಯಾಂಕೊಮೈಸಿನ್, ಸೆಫ್ಟಾಜಿಡಿಮ್‌ನಂಥ ಔಷಧಗಳನ್ನು ನೇರ ಕಣ್ಣೊಳಗೇ ಚುಚ್ಚುತ್ತಾರೆ. ಹನಿ ಔಷಧ ಅಷ್ಟು ಆಳಕ್ಕೆ ಸಾಕಷ್ಟು ಇಳಿಯುವುದಿಲ್ಲ. ಜೊತೆಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್. ಮೂಲದ ಕುರುವನ್ನು ಹುಡುಕಿ ಕೀವು ತೆಗೆಯದಿದ್ದರೆ ಜೀವಕ್ಕೂ ಅಪಾಯ. ಸೋಂಕು ತೀವ್ರವಾಗಿದ್ದರೆ ಕೀವು ತುಂಬಿದ ದ್ರವವನ್ನೇ ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯಬೇಕಾಗುತ್ತದೆ. ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಕೆಂಪನ್ನು ಕೊಂಚ ಇಳಿಸಿ ರೋಗವನ್ನು ಮರೆಮಾಚುತ್ತದೆ. ಅದರಲ್ಲೇ ಅಮೂಲ್ಯ ದಿನಗಳು ಕಳೆಯುತ್ತವೆ.

ಇಂಗಳೇಶ್ವರ, ಬಸವನ ಬಾಗೇವಾಡಿ ಸುತ್ತಿನವರಿಗೆ ನೇತ್ರ ವಿಭಾಗವಿರುವ ದೊಡ್ಡ ಆಸ್ಪತ್ರೆಗಳು ವಿಜಯಪುರದಲ್ಲಿವೆ. ಸಕ್ಕರೆ ಕಾಯಿಲೆಯೋ ಮೈಯಲ್ಲಿ ಸೋಂಕೋ ಇದ್ದು ನೋಟ ಮಂಜಾದರೆ ಅಂದೇ ಹೊರಡಬೇಕು. ಕಾಲಿನ ಹುಣ್ಣು, ಉರಿಮೂತ್ರ, ಜ್ವರದ ವಿಷಯವನ್ನು ಕಣ್ಣಿನ ವೈದ್ಯರಿಗೂ ತಪ್ಪದೆ ಹೇಳಬೇಕು.