ಮಾಡ್ಯೂಲ್‌ಗೆ ಕರೆಂಟು ಎಲ್ಲಿಂದ?

ಪ್ರಶ್ನೆ: ಎಸ್.ಪಿ. ರೋಡಿನಿಂದ ಇಎಸ್‌ಪಿ-01 ವೈಫೈ ಮಾಡ್ಯೂಲ್, ಜೊತೆಗೊಂದು ಸಿಪಿ2102 ಯುಎಸ್‌ಬಿ ಬೋರ್ಡ್ ತಂದೆ. ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ದೀಪ ಮಿಣುಕುತ್ತದೆ, ಪರದೆಯ ಮೇಲೆ ಏನೇನೋ ಅಕ್ಷರಗಳು ಬರುತ್ತವೆ. ವೈಫೈ ಹುಡುಕು ಎಂದ ಕೂಡಲೇ ರೀಸೆಟ್ ಆಗುತ್ತದೆ. 5 ವೋಲ್ಟ್ ಪಿನ್ನಿಗೆ ಹಾಕು, ಸರಿಹೋಗುತ್ತೆ ಅಂತಾನೆ ಗೆಳೆಯ. ಹಾಕಬಹುದಾ ಸರ್? ಲ್ಯಾಪ್‌ಟಾಪ್ ಅಪ್ಪನದು, ಅದಕ್ಕೇ ಭಯ.
– ಡಿಪ್ಲೊಮಾ ವಿದ್ಯಾರ್ಥಿ, ವಿಜಯನಗರ

ಉತ್ತರ: ಖಂಡಿತ ಹಾಕಬೇಡಿ. ನಿಮ್ಮ ಮಾಡ್ಯೂಲಿನಲ್ಲಿರುವ ಇಎಸ್‌ಪಿ8266 ಚಿಪ್ಪು ತಡೆಯುವುದು 3.6 ವೋಲ್ಟ್‌ವರೆಗೆ ಮಾತ್ರ. 5 ವೋಲ್ಟ್ ಕೊಟ್ಟರೂ ಒಮ್ಮೊಮ್ಮೆ ಸ್ವಲ್ಪ ಹೊತ್ತು ನಡೆಯುತ್ತದೆ. ಅದನ್ನು ನಂಬಿ ಕೆಡುವವರೇ ಹೆಚ್ಚು. ಬೆರಳಿಡಲಾಗದಷ್ಟು ಬಿಸಿಯಾಗಿ ಆಮೇಲೆ ಸುಟ್ಟುಹೋಗುತ್ತದೆ.

ನಿಮ್ಮಲ್ಲಿ ಕಡಿಮೆ ಬಿದ್ದಿರುವುದು ವೋಲ್ಟೇಜ್ ಅಲ್ಲ, ಕರೆಂಟು. ಸಿಪಿ2102 ಚಿಪ್ಪಿನೊಳಗಿನ ರೆಗ್ಯುಲೇಟರ್ 3.3 ವೋಲ್ಟಿನಲ್ಲಿ ಕೊಡುವುದು ಹೆಚ್ಚೆಂದರೆ 100 ಮಿಲಿಆಂಪಿಯರ್. ವೈಫೈ ಸಂಕೇತ ಹೊರಡುವ ಕ್ಷಣದಲ್ಲಿ ಮಾಡ್ಯೂಲ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಚಿಪ್ಪು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಈ ಚಿಪ್ಪಿಗೆ 500 ಮಿಲಿಆಂಪಿಯರ್ ಕೊಡಬಲ್ಲ ಸಪ್ಲೈ ಇರಲಿ ಎಂದು ಅದನ್ನು ತಯಾರಿಸುವ ಎಸ್‌ಪ್ರೆಸಿಫ್ ಕಂಪನಿಯೇ ಹೇಳುತ್ತದೆ. ಯುಎಸ್‌ಬಿ 2.0 ಪೋರ್ಟಿನ ಪೂರ್ತಿ ಮಿತಿಯೇ ಅಷ್ಟು. ಹಾಗಾಗಿ ಅಪ್ಪನ ಲ್ಯಾಪ್‌ಟಾಪ್ ಮೇಲೆ ಈ ಭಾರ ಹೊರಿಸುವುದೇ ಬೇಡ.

ಎಎಂಎಸ್1117-3.3 ರೆಗ್ಯುಲೇಟರ್ ಇರುವ ಪುಟ್ಟ ಬೋರ್ಡ್ ಕೇಳಿ ತನ್ನಿ. ಅದಕ್ಕೆ ಒಳ್ಳೆಯ ಮೊಬೈಲ್ ಚಾರ್ಜರಿನ 5 ವೋಲ್ಟ್ ಕೊಡಿ. ಮಾಡ್ಯೂಲಿನ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇರಲಿ. ಪ್ಲಸ್ ಮೈನಸ್ ತಿರುಗುಮುರುಗಾಗಬಾರದು. ಮಾಡ್ಯೂಲ್ ಜೋಡಿಸುವ ಮೊದಲು ಮಲ್ಟಿಮೀಟರಿನಲ್ಲಿ ಅಳೆದು 3.3 ವೋಲ್ಟ್ ಬರುತ್ತಿದೆಯೇ ನೋಡಿಕೊಳ್ಳಿ. ದಯವಿಟ್ಟು ಇದನ್ನು ಬಿಡಬೇಡಿ.

ಸಿಪಿ2102 ಬೋರ್ಡಿನಿಂದ ಇನ್ನು ಮೂರೇ ವೈರು: ಗ್ರೌಂಡ್ ಗ್ರೌಂಡಿಗೆ, ಟಿಎಕ್ಸ್ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ. ಅದರ 3.3 ಮತ್ತು 5 ವೋಲ್ಟ್ ಪಿನ್ನುಗಳು ಖಾಲಿಯೇ ಇರಲಿ. ಎರಡು ಸಪ್ಲೈಗಳ ಪ್ಲಸ್ ಯಾವತ್ತೂ ಸೇರಬಾರದು, ಗ್ರೌಂಡ್ ಮಾತ್ರ ಸೇರಲೇಬೇಕು. ಗ್ರೌಂಡ್ ಒಂದಾಗದಿದ್ದರೆ ಇತ್ತ ಕಳಿಸಿದ 3.3 ವೋಲ್ಟ್ ಅತ್ತ ಎಷ್ಟೆಂದು ಅಳೆಯುವುದಕ್ಕೇ ಆಧಾರವಿಲ್ಲ. ಮೊದಲು ಚಾರ್ಜರ್ ಆನ್ ಮಾಡಿ, ಆಮೇಲೆ ಯುಎಸ್‌ಬಿ ಸಿಕ್ಕಿಸಿ. ಚಾರ್ಜರ್ ತೆಗೆದ ಮೇಲೂ ಮಾಡ್ಯೂಲಿನ ದೀಪ ಮಂಕಾಗಿ ಉರಿಯುತ್ತಿದ್ದರೆ ಟಿಎಕ್ಸ್ ವೈರಿನ ಮೂಲಕವೇ ಕರೆಂಟು ಒಳಗೆ ನುಗ್ಗುತ್ತಿದೆ ಎಂದರ್ಥ. ಯುಎಸ್‌ಬಿಯನ್ನೂ ಕೂಡಲೇ ಕಿತ್ತುಬಿಡಿ.

ಆ ಅಕ್ಷರಗಳ ಬಗ್ಗೆ: ಚಿಪ್ಪು ಶುರುವಾಗುವಾಗ 74880 ಬಾಡ್ ವೇಗದಲ್ಲಿ ಒಂದಷ್ಟು ಮಾತಾಡುತ್ತದೆ. 115200ರಲ್ಲಿ ನೋಡುವವರಿಗೆ ಅದು ಗೊಂದಲವಾಗಿಯೇ ಕಾಣುತ್ತದೆ, ಹೆದರಬೇಡಿ.

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ತೂಕದ ಯಂತ್ರಕ್ಕೆ ಹಿಂದೆ ಒಂಬತ್ತು ಪಿನ್ನಿನ ಸಾಕೆಟ್ ಇದೆ. ತೂಕ ನೇರ ಕಂಪ್ಯೂಟರಿಗೆ ಬರಬೇಕು. ಮಗನ ಹತ್ತಿರ ಇರುವ ಸಿಪಿ2102 ಬೋರ್ಡಿಗೆ ವೈರು ಎಳೆದರೆ ಸಾಕೇ?
– ಸಣ್ಣ ಉದ್ಯಮಿ, ರಾಜಾಜಿನಗರ

ಉತ್ತರ: ಸಾಲದು, ಬೋರ್ಡ್ ಹಾಳಾಗುತ್ತದೆ. ಅದು ಬಹುಮಟ್ಟಿಗೆ ಆರ್‌ಎಸ್-232 ಸಾಕೆಟ್, 1960ರ ದಶಕದಿಂದ ಬಳಕೆಯಲ್ಲಿರುವ ಪದ್ಧತಿ. ಅದರ ವೈರಿನಲ್ಲಿ ಪ್ಲಸ್ 15 ವೋಲ್ಟ್‌ವರೆಗೂ ಇರಬಹುದು, ಮೈನಸ್ 15 ವೋಲ್ಟ್‌ವರೆಗೂ ಇರಬಹುದು. ಒಂಬತ್ತು ಪಿನ್ನಿನ ಯುಎಸ್‌ಬಿ–ಆರ್‌ಎಸ್-232 ಕೇಬಲ್ ಸಿದ್ಧವಾಗಿಯೇ ಸಿಗುತ್ತದೆ, ಅದನ್ನೇ ಕೊಳ್ಳಿ. ಇರುವ ಬೋರ್ಡನ್ನೇ ಬಳಸುವುದಾದರೆ ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಬೋರ್ಡ್ ಬೇಕು. ಸಾಮಾನ್ಯವಾಗಿ 5ನೇ ಪಿನ್ ಗ್ರೌಂಡ್. ಮಲ್ಟಿಮೀಟರಿನ ಕಪ್ಪು ಕಡ್ಡಿ ಅದಕ್ಕಿಟ್ಟು, ಕೆಂಪು ಕಡ್ಡಿಯನ್ನು 2ಕ್ಕೂ 3ಕ್ಕೂ ಮುಟ್ಟಿಸಿ ನೋಡಿ. ಯಂತ್ರ ಸುಮ್ಮನಿರುವಾಗ ಸ್ಥಿರವಾಗಿ ಮೈನಸ್ ತೋರಿಸುವುದೇ ತೂಕ ಕಳಿಸುವ ಪಿನ್.

ಪ್ರಶ್ನೆ: ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಂ ಎನ್ನುತ್ತದೆ. ಇದರಿಂದ ನಾನು ಜೋಡಿಸುವ ಸೆನ್ಸರ್‌ಗಳು ಕೆಡುತ್ತವೆಯೇ?
– ಶಾಲಾ ಶಿಕ್ಷಕಿ, ಕೆಂಗೇರಿ

ಉತ್ತರ: ಕೆಡಬಹುದು ಮೇಡಂ. ಅಡಾಪ್ಟರಿನೊಳಗೆ 230 ವೋಲ್ಟಿನ ಕಡೆಗೂ ಹೊರಬರುವ ವೈರಿಗೂ ನಡುವೆ ಒಂದು ಸಣ್ಣ ಕೆಪ್ಯಾಸಿಟರ್ ಇರುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅದರ ಮೂಲಕ ಸೋರುವ ಕರೆಂಟು ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ತೀರಾ ಅಲ್ಪವಾದ್ದರಿಂದ ಮೈ ಜುಂ ಎನ್ನುವುದಕ್ಕೆ ನಿಲ್ಲುತ್ತದೆ. ಆದರೆ ಗ್ರೌಂಡಿಗಿಂತ ಮೊದಲು ಡೇಟಾ ವೈರು ತಾಗಿದರೆ ಆ ಕರೆಂಟು ಸೆನ್ಸರಿನ ಪಿನ್ನಿನ ಮೂಲಕವೇ ಹರಿಯಬಹುದು. ಯುಎಸ್‌ಬಿ ಪ್ಲಗ್ಗಿನೊಳಗೆ ಇಣುಕಿ ನೋಡಿ: ಅಂಚಿನ ಎರಡು ಪಟ್ಟಿಗಳು ನಡುವಿನವಕ್ಕಿಂತ ಉದ್ದ. ಕರೆಂಟೂ ಗ್ರೌಂಡೂ ಮೊದಲು ಸೇರಲಿ ಎಂದೇ ಹಾಗೆ ಮಾಡಿದ್ದಾರೆ. ಚಾರ್ಜರ್ ಕಿತ್ತು, ಯುಎಸ್‌ಬಿ ತೆಗೆದಿಟ್ಟು ವೈರು ಜೋಡಿಸಿ. ಅದರಲ್ಲೂ ಗ್ರೌಂಡ್ ಮೊದಲು.

ಅಡಾಪ್ಟರ್ ಮೂರು ಪಿನ್ನಿನದಾದರೆ ಗೋಡೆಯ ಸಾಕೆಟ್ ನೋಡಿಸಿ. ಮೂರನೇ ತೂತಿದ್ದು ಒಳಗೆ ವೈರೇ ಇಲ್ಲದ ಮನೆಗಳುಂಟು. ಫೇಸಿಗೂ ಅರ್ಥಿಗೂ ನಡುವೆ ಸುಮಾರು 230 ವೋಲ್ಟ್ ಬರಬೇಕು. ಎಲೆಕ್ಟ್ರಿಷಿಯನ್ ಅಳೆಯಲಿ, ನೀವಲ್ಲ. ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಹಾಕಿಸಿಕೊಳ್ಳಿ. ಫ್ರಿಜ್ಜೋ ಗೀಸರಿನ ನಲ್ಲಿಯೋ ಮುಟ್ಟಿದರೂ ಹೀಗೇ ಆಗುತ್ತಿದ್ದರೆ ಅದು ಬೇರೆಯೇ ಅಪಾಯ: ಮೇನ್ ಸ್ವಿಚ್ ಆರಿಸಿ, ಇವತ್ತೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.