ಕ್ಲಿಪ್ ತೆಗೆದ ಮೇಲೆ: ಮಕ್ಕಳಿಗೆ ರಿಟೇನರ್ ರೂಢಿ ಮಾಡಿಸುವ ಬಗೆ

ಹಲ್ಲಿನ ಕ್ಲಿಪ್ ಬಿಚ್ಚಿದ ದಿನವೇ ಚಿಕಿತ್ಸೆ ಮುಗಿಯಿತೆಂದು ಅನೇಕ ಪೋಷಕರು ನಿಟ್ಟುಸಿರು ಬಿಡುತ್ತಾರೆ. ಆದರೆ ಹಲ್ಲುಗಳಿಗೆ ಅದಿನ್ನೂ ಹೊಸ ಜಾಗ. ಬೇರನ್ನು ದವಡೆಯ ಮೂಳೆಗೆ ಹಿಡಿದಿಡುವ ನಾರುಗಳು ಅಲ್ಲಿ ಹೊಂದಿಕೊಳ್ಳಲು 3-4 ತಿಂಗಳು ಬೇಕು. ವಸಡಿನೊಳಗೆ ರಬ್ಬರಿನಂತೆ ಹಿಗ್ಗುವ ನಾರುಗಳಿಗೆ ಒಂದು ವರ್ಷವೇ ಹಿಡಿಯಬಹುದು. ಅಲ್ಲಿಯವರೆಗೂ ಅವು ಹಲ್ಲನ್ನು ಹಳೆಯ ಕಡೆಗೇ ಎಳೆಯುತ್ತವೆ. ಆ ಎಳೆತವನ್ನು ತಡೆಯುವುದೇ, ಕ್ಲಿಪ್ ತೆಗೆದ ಮೇಲೆ ಹಲ್ಲಿಗೆ ಹಾಕಿಕೊಳ್ಳುವ ಸಾಧನವಾದ ರಿಟೇನರ್‌ನ ಕೆಲಸ. ದಿನದಿನವೂ ನಡೆಯಬೇಕಾದ ಇಂಥ ಕೆಲಸ ಬೈಗುಳದಿಂದ ಬಹಳ ದಿನ ನಡೆಯದು. ಮನೆಯ ದಿನಚರಿಯಲ್ಲಿ ಅದಕ್ಕೊಂದು ಹೊತ್ತು, ಒಂದು ಜಾಗ ಗೊತ್ತುಮಾಡಿದರೆ ತಾನಾಗಿ ನಡೆಯುತ್ತದೆ.

ಮೊದಲು, ದಿನಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು ಎಂಬುದನ್ನು ಮಗುವಿನ ಎದುರಿನಲ್ಲೇ ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಆರಂಭದ ಕೆಲವು ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಇಡೀ ದಿನ, ಆಮೇಲೆ ರಾತ್ರಿ ಮಾತ್ರ ಎಂಬುದು ಸಾಮಾನ್ಯ ಕ್ರಮ. ಕೆಲವರಿಗೆ ಮೊದಲಿನಿಂದಲೇ ರಾತ್ರಿ ಮಾತ್ರ ಸಾಕಾಗಬಹುದು. ಎರಡನೆಯದಾಗಿ, ಕನ್ನಡಿಯ ಮುಂದೆ ಅಭ್ಯಾಸ ಮಾಡಿಸಿ: ಬೆರಳಿನಿಂದ ಒತ್ತಿ ಕೂರಿಸಬೇಕು, ಎರಡೂ ಬದಿ ಹಿಡಿದು ತೆಗೆಯಬೇಕು. ಕಚ್ಚಿ ಕೂರಿಸಿದರೆ, ನಾಲಿಗೆಯಿಂದ ಆಡಿಸಿದರೆ ಅದು ಮುರಿಯಬಹುದು. ಮೂರನೆಯದಾಗಿ, ಈಗಾಗಲೇ ಇರುವ ಅಭ್ಯಾಸಕ್ಕೆ ಇದನ್ನು ಗಂಟುಹಾಕಿ: ರಾತ್ರಿ ಹಲ್ಲುಜ್ಜಿದ ಕೂಡಲೇ ರಿಟೇನರ್. ನಾಲ್ಕನೆಯದಾಗಿ, ಬಾಯಲ್ಲಿ ಇಲ್ಲದಿದ್ದರೆ ಡಬ್ಬಿಯಲ್ಲೇ ಇರಬೇಕೆಂಬ ಒಂದೇ ನಿಯಮ ಸಾಕು. ಊಟದ ಹೊತ್ತಿಗೆ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟದ್ದು ಕಸದ ಬುಟ್ಟಿ ಸೇರುವುದು ಸುಲಭ. ಹಾಗಾಗಿ ಶಾಲೆಯ ಚೀಲದಲ್ಲೂ ಒಂದು ಗಟ್ಟಿ ಡಬ್ಬಿ ಇರಲಿ. ಐದನೆಯದಾಗಿ, ದಿನವೂ ತಣ್ಣೀರಿನಲ್ಲಿ ಮೃದುವಾದ ಬ್ರಷ್‌ನಿಂದ ತೊಳೆಯಿಸಿ. ಗೀಸರಿನ ಬಿಸಿನೀರು ಬಿದ್ದರೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ. ಪಾರದರ್ಶಕ ರಿಟೇನರ್ ಹಾಕಿಕೊಂಡಿರುವಾಗ ನೀರು ಬಿಟ್ಟು ಬೇರೇನೂ ಕುಡಿಯದಿರಲಿ. ಜ್ಯೂಸಿನ ಸಕ್ಕರೆ ಅದರೊಳಗೆ ಹಲ್ಲಿಗೇ ಅಂಟಿಕೊಂಡು ಹುಳುಕಿಗೆ ದಾರಿಯಾಗುತ್ತದೆ.

ಹಲ್ಲು ನೇರವಾಗಿಯೇ ಇದೆಯಲ್ಲ ಎಂಬ ಮಾತು ಬರುತ್ತದೆ. ಸರಿಯುವುದು ಕಣ್ಣಿಗೆ ಕಾಣುವ ಹೊತ್ತಿಗೆ ರಿಟೇನರ್ ಹಿಡಿಸದಂತಾಗಿರಬಹುದು, ಆಗ ಮತ್ತೆ ಕ್ಲಿಪ್ಪಿನ ಖರ್ಚು. ಮಾತು ತೊದಲುತ್ತದೆ ಎಂಬ ದೂರು ನಿಜ. ಸ, ಶ ಉಚ್ಚಾರ ಕೆಲವು ದಿನ ಕೆಡುತ್ತದೆ. ಮನೆಯಲ್ಲಿ ಪಾಠವನ್ನು ಗಟ್ಟಿಯಾಗಿ ಓದಿಸಿದರೆ ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ. ಹಲ್ಲಿನ ಹಿಂದೆ ತಂತಿ ಅಂಟಿಸಿಬಿಟ್ಟರೆ ಈ ಗೊಡವೆಯೇ ಇರದಲ್ಲ ಎನ್ನುವವರೂ ಇದ್ದಾರೆ. ಮರೆವಿನ ಮಕ್ಕಳಿಗೆ ಅದು ಒಳ್ಳೆಯ ದಾರಿಯೇ. ಆದರೆ ಅದು ಸಾಮಾನ್ಯವಾಗಿ ಮುಂದಿನ ಹಲ್ಲುಗಳನ್ನಷ್ಟೇ ಹಿಡಿಯುತ್ತದೆ, ಸುತ್ತ ಪಾಚಿ ಕಟ್ಟುತ್ತದೆ, ಒಂದು ಕಡೆ ಬಿಟ್ಟುಕೊಂಡರೂ ಗೊತ್ತಾಗದೆ ಹೋಗಬಹುದು. ಅದಕ್ಕೂ ಆರೈಕೆ, ತಪಾಸಣೆ ತಪ್ಪಿದ್ದಲ್ಲ.

ಹೈಸ್ಕೂಲಿನ ಮಗು ತಾನೇ ನೋಡಿಕೊಳ್ಳಲಿ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಹಾಕಿಕೊಳ್ಳುವುದು, ತೊಳೆಯುವುದು ಅವರದೇ ಕೆಲಸವಾಗಲಿ. ವಾರಕ್ಕೊಮ್ಮೆ ಸರಿಯಾಗಿ ಕೂರುತ್ತಿದೆಯೇ ಎಂದು ನೋಡುವುದು ದೊಡ್ಡವರದಾಗಲಿ. ಬಿಗಿ ಎನಿಸಿದರೆ ಹಲ್ಲು ಸರಿಯುತ್ತಿದೆ ಎಂದರ್ಥ. ಹಾಕಿಕೊಳ್ಳುವ ಗಂಟೆಗಳನ್ನು ಹೆಚ್ಚಿಸಬೇಕೇ ಎಂದು ವೈದ್ಯರನ್ನು ಕೇಳಿ. ಕೂರಲೇ ಒಲ್ಲದಿದ್ದರೆ ಒತ್ತಾಯಿಸದೆ ತಡಮಾಡದೆ ಅವರಿಗೆ ತೋರಿಸಿ. ಬೈಗುಳಕ್ಕೆ ಹೆದರುವ ಮಗು ರಿಟೇನರ್ ಕಳೆದುಹೋದದ್ದನ್ನು ವಾರಗಟ್ಟಲೆ ಮುಚ್ಚಿಡುತ್ತದೆ, ಹಲ್ಲು ಸರಿಯುವುದು ಆ ವಾರಗಳಲ್ಲೇ. ಕಳೆದುಹೋದ ದಿನವೇ ಅಂಜದೆ ಹೇಳಬಹುದೆಂಬ ಧೈರ್ಯವನ್ನು ಮೊದಲ ದಿನವೇ ಕೊಟ್ಟುಬಿಡಿ.